ಹೊರಗಿನವರ ಎಡೆ

ಪ್ರೇತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಭಯ. ಊರಾಚೆಯ ಹುಣಿಸೆಮರ, ಹಾಳುಬಾವಿ, ಸರಿರಾತ್ರಿಯ ಕತ್ತಲೆ ಇವೆಲ್ಲ ಆ ಮಾತಿನ ಬೆನ್ನಿಗೇ ಬಂದುಬಿಡುತ್ತವೆ. ಆದರೆ ತೈವಾನಿನ ಚೀನೀಯರು ಅಲೆದಾಡುವ ಪ್ರೇತಗಳನ್ನು ಆ ಹೆಸರಿನಿಂದ ಕರೆಯಲು ಹಿಂಜರಿಯುತ್ತಾರೆ. ಅವರ ಬಾಯಲ್ಲಿ ಅವು 'ಒಳ್ಳೆಯ ಅಣ್ಣತಮ್ಮಂದಿರು'. ನಮ್ಮ ಹಳ್ಳಿಗಳಲ್ಲಿ ರಾತ್ರಿಯ ಹೊತ್ತು ಹಾವನ್ನು 'ಹುಳು' ಎಂದು ಕರೆಯುವಂತೆ, ಸಿಡುಬನ್ನು 'ಅಮ್ಮ' ಎಂದು ಕರೆಯುತ್ತಿದ್ದಂತೆ, ಇದರಲ್ಲಿಯೂ ಭಯದ ಪಾಲು ಇದ್ದೇ ಇದೆ. ಹೆಸರಿಡಿದು ಕೂಗಿದರೆ ಬಂದುಬಿಟ್ಟಾವು ಎಂಬ ಅಳುಕು ಅದು. ಆದರೂ ಭಯಪಡುವವರಿಗೆ ಬೇರೆ ಎಷ್ಟೋ ಹೆಸರುಗಳು ಸಿಗುತ್ತಿದ್ದುವು. ಅವರು ಹುಡುಕಿ ತೆಗೆದದ್ದು ಅಣ್ಣತಮ್ಮಂದಿರೆಂಬ ಮಾತನ್ನು.

ಈ ಅಣ್ಣತಮ್ಮಂದಿರು ಯಾರು? ಮಕ್ಕಳಿಲ್ಲದೆ ಸತ್ತವರು; ಮಕ್ಕಳಿದ್ದೂ ಮರೆತುಹೋದವರು; ನೀರಿನಲ್ಲಿ ಮುಳುಗಿದವರು; ಯುದ್ಧದಲ್ಲಿ, ಬರಗಾಲದಲ್ಲಿ, ದಾರಿಯಲ್ಲಿ ಬಿದ್ದವರು; ದುಡಿಯಲೆಂದು ಪರದೇಶಕ್ಕೆ ಹೋಗಿ ಅಲ್ಲಿಯೇ ಮಣ್ಣಾದವರು. ಅವರಿಗೆ ಮನೆಯಿಲ್ಲ, ಎಡೆಯಿಡುವವರಿಲ್ಲ. ಹೊಟ್ಟೆ ಗುಡಾಣದಂತಿದ್ದು, ಗಂಟಲು ಮಾತ್ರ ಸೂಜಿಯಷ್ಟು ಕಿರಿದಾದುದರಿಂದ ಅವರ ಹಸಿವು ಎಂದಿಗೂ ತೀರುವುದಿಲ್ಲವೆಂದು ಬೌದ್ಧಗ್ರಂಥಗಳು ವರ್ಣಿಸುತ್ತವೆ. ವರ್ಷದಲ್ಲಿ ಒಂದು ತಿಂಗಳು, ಅಂದರೆ ಚೀನೀ ಪಂಚಾಂಗದ ಏಳನೆಯ ತಿಂಗಳಿನಲ್ಲಿ, ಪಾತಾಳದ ಬಾಗಿಲು ತೆರೆಯುತ್ತದೆ. ಪಾಡ್ಯದ ದಿನ ಹೊರಬಂದ ಆ ಆತ್ಮಗಳು ಅಮಾವಾಸ್ಯೆಯವರೆಗೆ ಭೂಮಿಯ ಮೇಲೆ ಸಂಚರಿಸುತ್ತವೆ ಎಂಬುದು ನಂಬಿಕೆ. ಚೀನೀಯರ ತಿಂಗಳೂ ನಮ್ಮ ಚಾಂದ್ರಮಾನದ ತಿಂಗಳಂತೆ ಅಮಾವಾಸ್ಯೆಯಿಂದಲೇ ಎಣಿಕೆಗೆ ಬರುವುದರಿಂದ, ಅವರ ಏಳನೆಯ ತಿಂಗಳು ಅನೇಕ ವರ್ಷಗಳಲ್ಲಿ ನಮ್ಮ ಶ್ರಾವಣದೊಡನೆಯೇ ನಡೆಯುತ್ತದೆ. ನಮ್ಮಲ್ಲಿ ಜನಿವಾರ ಬದಲಾಯಿಸುವ ನೂಲಹುಣ್ಣಿಮೆಯ ಆಸುಪಾಸಿನಲ್ಲಿಯೇ ಅವರಲ್ಲಿ ಹಸಿದ ಆತ್ಮಗಳಿಗೆ ಊಟ ಬಡಿಸುವ ಹುಣ್ಣಿಮೆ ಬರುತ್ತದೆ.

ಒಂದು ಆಗಸ್ಟ್ ತಿಂಗಳಿನಲ್ಲಿ ಕೆಲವು ದಿನ ಸಿಂಗಪುರದಲ್ಲಿರುವ ಸಂದರ್ಭ ನನಗೆ ಒದಗಿತು. ಸಂಜೆಯಾಗುತ್ತಲೇ ಬಹುಮಹಡಿ ವಸತಿಗಳ ಕೆಳಗಿನ ಹುಲ್ಲಿನ ಅಂಚಿನಲ್ಲಿ ಸಾಲುಸಾಲಾಗಿ ಕೆಂಪು ಮೊಂಬತ್ತಿಗಳು ಉರಿಯುತ್ತಿದ್ದುವು. ನೆಲಕ್ಕೆ ನೆಟ್ಟ ಊದುಬತ್ತಿಗಳು, ಕಿತ್ತಳೆಹಣ್ಣು, ಅನ್ನ, ಹಬೆಯಲ್ಲಿ ಬೇಯಿಸಿದ ಸಿಹಿಕಡುಬು, ಪುಟ್ಟ ಬಟ್ಟಲುಗಳಲ್ಲಿ ಚಹ. ಪಕ್ಕದ ಕಬ್ಬಿಣದ ಪೀಪಾಯಿಯಲ್ಲಿ ಕಾಗದದ ಹಣ ಸುಡುತ್ತಿತ್ತು. ಅಂಗಡಿಯೊಂದರ ಮುಂದೆ ವೃದ್ಧರೊಬ್ಬರು ಕುಕ್ಕುರುಗಾಲಿನಲ್ಲಿ ಕುಳಿತು ಒಂದೊಂದೇ ಹಾಳೆಯನ್ನು ಮಡಿಸಿ ಬೆಂಕಿಗೆ ಹಾಕುತ್ತಿದ್ದರು. ಇದು ಅವರ ತಂದೆತಾಯಿಯರಿಗೆ ಅರ್ಪಿಸುವ ಕಾಣಿಕೆಯೇ ಎಂದು ವಿಚಾರಿಸಿದೆ. ಅವರು ತಲೆಯಾಡಿಸಿ, "ಅವರದ್ದು ಒಳಗೆ ಆಯಿತು. ಇದು ಹೊರಗಿನವರಿಗೆ" ಎಂದರು. ಹೊರಗಿನವರೆಂದರೆ ಯಾರೆಂದು ಕೇಳಿದ್ದಕ್ಕೆ, "ಗೊತ್ತಿಲ್ಲ. ಗೊತ್ತಿದ್ದರೆ ಒಳಗೇ ಕರೆಯುತ್ತಿದ್ದೆವಲ್ಲ" ಎಂದು ನಕ್ಕರು.

ಅದೇ ವಾರ ಬಯಲಿನಲ್ಲಿ ಕಟ್ಟಿದ್ದ ಒಂದು ರಂಗಮಂಚದ ಮುಂದೆ ನಿಂತೆ. ಬಣ್ಣಬಣ್ಣದ ದೀಪಗಳು, ಅಬ್ಬರದ ವಾದ್ಯ, ಹಾಡು, ಹಾಸ್ಯ. ಇದನ್ನು ಅಲ್ಲಿಯವರು 'ಗೆಟಾಯ್' ಎನ್ನುತ್ತಾರೆ. ಹಿಂದೆ ಚೀನೀ ಸಂಗೀತನಾಟಕ ನಡೆಯುತ್ತಿದ್ದ ಎಡೆಯಲ್ಲಿ ಈಗ ಹೆಚ್ಚಾಗಿ ಇದೇ ನಡೆಯುತ್ತದೆ. ಜನ ಕಿಕ್ಕಿರಿದಿದ್ದರು, ನಿಂತೇ ನೋಡುವವರೂ ಬಹಳವಿದ್ದರು. ಆದರೆ ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ. ಅವು ಅತಿಥಿಗಳಿಗಾಗಿ ಮೀಸಲು. ಕಣ್ಣಿಗೆ ಕಾಣದ ಅತಿಥಿಗಳಿಗಾಗಿ. ನಮ್ಮಲ್ಲಿ ಮುಂದಿನ ಸಾಲು ಗಣ್ಯರಿಗೆ ಮೀಸಲಾಗುವುದನ್ನು ಬಲ್ಲ ನನಗೆ, ಲೋಕದಲ್ಲಿ ಎಲ್ಲಿಯೂ ಸ್ಥಳ ಸಿಕ್ಕದವರಿಗೆ ಮೊದಲ ಸಾಲನ್ನು ಬಿಟ್ಟುಕೊಟ್ಟ ಈ ಏರ್ಪಾಡು ಬಹಳ ಹಿಡಿಸಿತು.

ಈ ಆಚರಣೆಯ ಬೇರುಗಳು ಒಂದಲ್ಲ. ತಾವೋ ಧರ್ಮದವರಿಗೆ ಏಳನೆಯ ತಿಂಗಳ ಹುಣ್ಣಿಮೆ 'ಝೊಂಗ್‌ಯುವಾನ್', ಭೂಮಿಯ ಅಧಿದೇವತೆ ಪಾಪಗಳನ್ನು ಮನ್ನಿಸುವ ದಿನ. ಬೌದ್ಧರಿಗೆ ಅದೇ ದಿನ 'ಯುಲಾನ್‌ಪೆನ್'. ಈ ಎರಡನೆಯ ಹೆಸರಿನಲ್ಲಿ ನಮ್ಮ ದೇಶದ ಧ್ವನಿಯಿದೆ. 'ಉಲ್ಲಂಬನ'ವೆಂಬ ಸಂಸ್ಕೃತ ಶಬ್ದದ ಚೀನೀ ರೂಪವೇ ಯುಲಾನ್‌ಪೆನ್ ಎಂದೂ, ತಲೆಕೆಳಗಾಗಿ ತೂಗಾಡುವ ಸಂಕಟವೆಂದು ಅದರ ಅರ್ಥವೆಂದೂ ಹಿಂದಿನ ವ್ಯಾಖ್ಯಾನಕಾರರು ಹೇಳಿದರು. ಇಂದಿನ ಪಂಡಿತರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಆ ಚರ್ಚೆ ಹೇಗೇ ಇರಲಿ, ಈ ಅರ್ಥವನ್ನು ಕೇಳಿದಾಗ ಮಹಾಭಾರತದ ಜರತ್ಕಾರುವಿನ ಕಥೆ ನೆನಪಾಗದೆ ಇರದು. ಸಂತಾನವಿಲ್ಲದೆ ಕುಲವಳಿಯುವ ಹೊತ್ತಿನಲ್ಲಿ ಅವನ ಪಿತೃಗಳು ಹಳ್ಳವೊಂದರಲ್ಲಿ ಹುಲ್ಲಿನ ಬೇರಿಗೆ ಜೋತುಬಿದ್ದು ತಲೆಕೆಳಗಾಗಿ ತೂಗುತ್ತಿದ್ದರು. ಆ ಬೇರನ್ನು ಇಲಿಯೊಂದು ಕಡಿಯುತ್ತಿತ್ತು.

ಚೀನೀಯರು ಹೇಳುವ ಕಥೆಯ ನಾಯಕ ಮುಲಿಯೆನ್. ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬನಾದ ಮೌದ್ಗಲ್ಯಾಯನನೇ ಈತ. ಸಿದ್ಧಿಯಲ್ಲಿ ಇವನನ್ನು ಮೀರಿಸುವವರಿರಲಿಲ್ಲ. ದಿವ್ಯದೃಷ್ಟಿ ಲಭಿಸಿದೊಡನೆ ಅವನು ಮೊದಲು ಹುಡುಕಿದ್ದು ಸತ್ತುಹೋದ ತಾಯಿಯನ್ನು. ಅವಳು ಪ್ರೇತಲೋಕದಲ್ಲಿ, ಎಲುಬಿಗೆ ಚರ್ಮ ಅಂಟಿಕೊಂಡು, ಅನ್ನನೀರುಗಳಿಲ್ಲದೆ ಬಿದ್ದಿದ್ದಳು. ಮಗ ಪಾತ್ರೆಯ ತುಂಬ ಅನ್ನವನ್ನು ಒಯ್ದು ಕೊಟ್ಟ. ಅವಳು ಎಡಗೈಯಿಂದ ಪಾತ್ರೆಯನ್ನು ಮರೆಮಾಡಿಕೊಂಡು ಬಲಗೈಯಿಂದ ತುತ್ತನ್ನು ಎತ್ತಿದಳು. ತುತ್ತು ಬಾಯಿಗೆ ಮುಟ್ಟುವ ಮೊದಲೇ ಉರಿಯುವ ಕೆಂಡವಾಯಿತು.

ಆ ಎಡಗೈಯನ್ನು ಗಮನಿಸಬೇಕು. ಇಷ್ಟು ಹಸಿವಿನಲ್ಲಿಯೂ ಪಕ್ಕದ ಪ್ರೇತ ಎಲ್ಲಿ ಕಸಿದುಕೊಂಡೀತೋ ಎಂದು ಅವಳು ಅನ್ನವನ್ನು ಮುಚ್ಚಿಕೊಳ್ಳುತ್ತಾಳೆ. ಲೋಭವೇ ಅವಳನ್ನು ಅಲ್ಲಿಗೆ ತಂದಿತ್ತೆಂದು ಕಥೆ ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ. ಮುಲಿಯೆನ್ ಅಳುತ್ತ ಬುದ್ಧನ ಬಳಿಗೆ ಓಡಿದ. ನಿನ್ನೊಬ್ಬನ ಶಕ್ತಿಯಿಂದ ಇದು ಆಗದ ಕೆಲಸವೆಂದು ಬುದ್ಧ ತಿಳಿಸಿದ. ಮಳೆಗಾಲದಲ್ಲಿ ಒಂದೆಡೆ ನೆಲೆನಿಂತ ಭಿಕ್ಷುಗಳ ವ್ರತ ಮುಗಿಯುವ ಏಳನೆಯ ತಿಂಗಳ ಹುಣ್ಣಿಮೆಯ ದಿನ, ಸಂಘಕ್ಕೆಲ್ಲ ಭೋಜನವನ್ನು ಅರ್ಪಿಸಬೇಕು; ಅವರೆಲ್ಲರ ಪುಣ್ಯ ಒಂದುಗೂಡಿದಾಗ ಹೆತ್ತವರಿಗೂ ಏಳು ತಲೆಮಾರಿನ ಹಿರಿಯರಿಗೂ ಬಿಡುಗಡೆ ದೊರೆಯುತ್ತದೆ. ಹಾಗೆಯೇ ನಡೆಯಿತು. ಮುಂದೆ ಜನ ಈ ಕಥೆಯನ್ನು ಬೆಳೆಸಿ ಹಾಡಿದರು, ಆಡಿದರು. ಮಗ ನರಕದಿಂದ ನರಕಕ್ಕೆ ತಾಯಿಯನ್ನು ಹುಡುಕುತ್ತ ಹೋಗುವುದನ್ನೂ, ಅವಳು ರಾಜಗೃಹದ ಬೀದಿಯಲ್ಲಿ ಕಪ್ಪುನಾಯಿಯಾಗಿ ಹುಟ್ಟಿ ಅನಂತರ ಮುಕ್ತಳಾಗುವುದನ್ನೂ ಅದಕ್ಕೆ ಸೇರಿಸಿದರು. ದುನ್‌ಹುವಾಂಗ್ ಗುಹೆಗಳಲ್ಲಿ ದೊರೆತ ಇಂಥ ಕಥನದ ಒಂದು ಹಸ್ತಪ್ರತಿ ಕ್ರಿ.ಶ. 921ರದು.

ಈ ಕಥೆ ಚೀನದಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟುದಕ್ಕೆ ಕಾರಣವಿದೆ. ಅಲ್ಲಿಯ ಸಮಾಜಕ್ಕೆ ಹಿರಿಯರ ಸೇವೆಗಿಂತ ದೊಡ್ಡ ಧರ್ಮವಿರಲಿಲ್ಲ. ಕ್ರಿಸ್ತಪೂರ್ವ 1200ರ ಸುಮಾರಿನ ಶಾಂಗ್ ವಂಶದ ಅರಸರು ಎಲುಬುಗಳ ಮೇಲೆ ಅಕ್ಷರ ಕೊರೆದು, ಮಳೆ, ಯುದ್ಧ, ಹಲ್ಲುನೋವುಗಳ ಬಗ್ಗೆಯೂ ಗತಿಸಿದ ಹಿರಿಯರನ್ನು ಪ್ರಶ್ನಿಸುತ್ತಿದ್ದರು. ಇಂಥ ನಾಡಿಗೆ ಭಾರತದಿಂದ ಬಂದ ಬೌದ್ಧಧರ್ಮ ಮಗನನ್ನು ಮನೆ ಬಿಡಿಸಿ ತಲೆ ಬೋಳಿಸಿ ಸಂನ್ಯಾಸಿಯನ್ನಾಗಿ ಮಾಡುತ್ತಿತ್ತು. ವಂಶ ಬೆಳೆಸದ, ಹಿರಿಯರಿಗೆ ಎಡೆಯಿಡದ ಮಗನಿಂದ ಏನು ಪ್ರಯೋಜನವೆಂದು ಕನ್ಫ್ಯೂಷಿಯಸನ ಅನುಯಾಯಿಗಳು ಆಕ್ಷೇಪಿಸುತ್ತಿದ್ದರು. ಮುಲಿಯೆನ್ ಆ ಆಕ್ಷೇಪಕ್ಕೆ ಉತ್ತರವಾದ. ಮನೆ ಬಿಟ್ಟ ಮಗನೇ ತಾಯಿಯನ್ನು ನರಕದಿಂದ ಎತ್ತಿದ.

ಇನ್ನು ಮನೆಯೊಳಗಿನವರ ಮಾತು. ಸಾಂಪ್ರದಾಯಿಕವಾದ ಚೀನೀ ಮನೆಯಲ್ಲಿ ಗತಿಸಿದವರ ಹೆಸರು ಬರೆದ ಮರದ ಫಲಕಗಳಿರುತ್ತವೆ. ಅವುಗಳ ಮುಂದೆ ಧೂಪ, ಹಬ್ಬಹರಿದಿನಗಳಲ್ಲಿ ಬಿಸಿಯೂಟ, ಊಟದೊಡನೆ ತಿನ್ನುವ ಕಡ್ಡಿಗಳು. ಏಪ್ರಿಲ್ 4 ಅಥವಾ 5ರಂದು ಬರುವ 'ಛಿಂಗ್‌ಮಿಂಗ್' ದಿನ ಮನೆಮಂದಿಯೆಲ್ಲ ಗೋರಿಗಳಿಗೆ ಹೋಗುತ್ತಾರೆ. ಕಳೆ ಕೀಳುತ್ತಾರೆ, ಕಸ ಗುಡಿಸುತ್ತಾರೆ, ಮಾಸಿದ ಅಕ್ಷರಗಳಿಗೆ ಮತ್ತೆ ಬಣ್ಣ ತುಂಬುತ್ತಾರೆ. ಎಡೆಯಿಟ್ಟು, ನಮಸ್ಕರಿಸಿ, ಅನೇಕ ವೇಳೆ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ವಸಂತಕಾಲದ ಹಸುರಿನ ನಡುವೆ ಅದು ಶೋಕದ ದಿನವೆನ್ನುವುದಕ್ಕಿಂತ ವನಭೋಜನವೆಂದರೂ ಸಲ್ಲುತ್ತದೆ. ಮಕ್ಕಳು ಗಾಳಿಪಟ ಹಾರಿಸುತ್ತಾರೆ.

ಅರ್ಥರ್ ವುಲ್ಫ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ತೈವಾನಿನ ಹಳ್ಳಿಗಳಲ್ಲಿ ಈ ಆಚರಣೆಗಳನ್ನು ಕಣ್ಣಾರೆ ಕಂಡು 1974ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಿವರಿಸಿದ್ದಾನೆ. ಹಳ್ಳಿಗನ ಕಣ್ಣಿಗೆ ದೇವತೆ ಸರ್ಕಾರಿ ಅಧಿಕಾರಿಯಂತೆ, ಪಿತೃ ಬಂಧುವಿನಂತೆ, ಪ್ರೇತ ಬಾಗಿಲಿಗೆ ಬಂದ ಭಿಕ್ಷುಕನಂತೆ, ಕೊಡದಿದ್ದರೆ ಕೇಡುಮಾಡಬಲ್ಲ ಅಪರಿಚಿತನಂತೆ. ಎಡೆಯ ಸ್ಥಳವೂ ಇದಕ್ಕೆ ತಕ್ಕಂತೆ ಬೇರೆಯಾಗುತ್ತದೆ: ಪಿತೃಗಳಿಗೆ ಒಳಗೆ, ಪ್ರೇತಗಳಿಗೆ ಹೊರಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬರ ಮನೆಯ ಪಿತೃ ಇನ್ನೊಬ್ಬರ ಬಾಗಿಲಿನಲ್ಲಿ ಪ್ರೇತ. ನನ್ನ ಅಜ್ಜ ನನಗೆ ಅಜ್ಜ. ನೆರೆಬೀದಿಯವನಿಗೆ ಅವನು ಗುರುತಿಲ್ಲದ ಒಬ್ಬ ಸತ್ತವನು. ಹಾಗಾದರೆ ಪಿತೃವೂ ಪ್ರೇತವೂ ಎರಡು ಜಾತಿಯ ಜೀವಗಳಲ್ಲ. ನೆನೆಯುವವರು ಇದ್ದಾರೋ ಇಲ್ಲವೋ ಎಂಬುದೊಂದೇ ಅವರ ನಡುವಣ ಅಂತರ. ಸಿಂಗಪುರದ ಆ ವೃದ್ಧರು ನಗುತ್ತ ಹೇಳಿದ್ದೂ ಇದನ್ನೇ.

ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವವರು ಅಲ್ಲಿಯೂ ಹಿಂದಿನಿಂದಲೇ ಇದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ತತ್ತ್ವಜ್ಞಾನಿ ಶುನ್‌ತ್ಸು ಪ್ರೇತಗಳನ್ನು ನಂಬುತ್ತಿರಲಿಲ್ಲ. ಆದರೂ ಶ್ರಾದ್ಧಕರ್ಮಗಳನ್ನು ಬಿಡಬೇಕೆಂದು ಅವನು ಹೇಳಲಿಲ್ಲ. ಸಾಮಾನ್ಯರು ಅವನ್ನು ಆತ್ಮಗಳ ಸೇವೆಯೆಂದು ಬಗೆಯುತ್ತಾರೆ, ವಿವೇಕಿಗಳಿಗೆ ಅವು ಮನುಷ್ಯರ ನಡತೆಯ ಒಂದು ಅಂಗ ಎಂಬುದು ಅವನ ಅಭಿಪ್ರಾಯದ ಸಾರ. ಅಗಲಿದವರ ನೆನಪಿನಿಂದ ಉಕ್ಕುವ ಭಾವಕ್ಕೆ ಒಂದು ರೂಪ ಬೇಕು, ಆ ರೂಪವೇ ಕರ್ಮ ಎಂದು ಅವನು ತಿಳಿದಿದ್ದ. ನನಗೆ ಈ ಮಾತು ಪೂರ್ತಿಯಾಗಿ ಒಪ್ಪಿಗೆಯಾಗುವುದು ಪಿತೃಗಳ ವಿಷಯದಲ್ಲಿ. ಗುರುತೇ ಇಲ್ಲದವರಿಗೆ ಇಡುವ ಎಡೆಗೆ ನೆನಪು ಕಾರಣವಾಗಲಾರದು. ಅದರ ಹಿಂದೆ ಇರುವುದು ಬೇರೆಯೇ ಒಂದು ಭಾವ. ಅದರ ಸ್ವರೂಪವನ್ನು ತಿಳಿಯಲು ಕೀಲುಂಗ್ ಪಟ್ಟಣದ ಕಥೆ ನೆರವಾಗುತ್ತದೆ.

ಕೀಲುಂಗ್ ತೈವಾನಿನ ಉತ್ತರ ತೀರದ ಬಂದರು. ಚೀನದ ಫೂಜಿಯನ್ ಪ್ರಾಂತದ ಎರಡು ಸೀಮೆಗಳಿಂದ, ಝಾಂಗ್‌ಜೋ ಮತ್ತು ಚುವಾನ್‌ಜೋಗಳಿಂದ, ಜನ ಅಲ್ಲಿಗೆ ವಲಸೆ ಬಂದಿದ್ದರು. ಎರಡು ಪಂಗಡಗಳಿಗೂ ನೆಲ, ನೀರು, ವ್ಯಾಪಾರಗಳ ವಿಷಯದಲ್ಲಿ ಸದಾ ಜಗಳ. 1853ರಲ್ಲಿ ಅದು ಹೊಡೆದಾಟಕ್ಕೆ ತಿರುಗಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರೆಂದು ಅಲ್ಲಿಯವರು ಹೇಳುತ್ತಾರೆ. ಸತ್ತವರ ಎಲುಬುಗಳನ್ನು ಇವರು ಈ ಕಡೆಯವರು, ಇವರು ಆ ಕಡೆಯವರು ಎಂದು ವಿಂಗಡಿಸದೆ ಒಂದೆಡೆ ಹೂಳಿದರು. ಆದರೆ ಇನ್ನು ಮುಂದೆ ಈ ಕೊಲೆಗಳು ನಿಲ್ಲುವ ಬಗೆ ಹೇಗೆ? ಊರಿನ ಹಿರಿಯರು ಕಂಡುಕೊಂಡ ಉಪಾಯ ಬಹು ಜಾಣತನದ್ದು. ಏಳನೆಯ ತಿಂಗಳ ಉತ್ಸವವನ್ನು ಪಂಗಡಗಳ ಹೆಸರಿನಲ್ಲಿ ನಡೆಸದೆ ಮನೆತನದ ಹೆಸರುಗಳ ಮೇಲೆ ಸರದಿಯಂತೆ ನಡೆಸುವುದು. ಒಂದೇ ಮನೆತನದ ಹೆಸರಿನವರು ಎರಡು ಸೀಮೆಗಳಲ್ಲಿಯೂ ಇದ್ದರು. ಒಂದು ವರ್ಷ ಒಂದು ಹೆಸರಿನವರ ಸರದಿ ಬಂದಾಗ, ನಿನ್ನೆಯವರೆಗೆ ದೊಣ್ಣೆ ಹಿಡಿದು ಎದುರುಬದುರಾಗಿ ನಿಂತವರು ಒಂದೇ ಚಪ್ಪರದ ಕೆಳಗೆ ಅಕ್ಕಿ ಅಳೆಯಬೇಕಾಯಿತು. ತಲೆಯೊಡೆಯುವುದರಲ್ಲಿದ್ದ ಪೈಪೋಟಿ ಮೆರವಣಿಗೆಯ ವೈಭವದ ಕಡೆಗೆ ತಿರುಗಿತು. 1855ರಲ್ಲಿ ಆರಂಭವಾದ ಆ ಸರದಿ ಇಂದಿಗೂ ನಡೆದುಬಂದಿದೆ.

ಆ ಉತ್ಸವದಲ್ಲಿ ಹದಿನಾಲ್ಕನೆಯ ದಿನದ ರಾತ್ರಿ ಕಾಗದದಿಂದ ಮಾಡಿದ ಮನೆಯಾಕಾರದ ದೀಪಗಳನ್ನು ಕಡಲತೀರಕ್ಕೆ ಒಯ್ಯುತ್ತಾರೆ. ಒಂದೊಂದರ ಮೇಲೂ ಒಂದೊಂದು ಮನೆತನದ ಹೆಸರು. ಬೆಂಕಿ ಹೊತ್ತಿಸಿ ನೀರಿಗೆ ತಳ್ಳಿದಾಗ ಅವು ಉರಿಯುತ್ತ ಕತ್ತಲೆಯ ಕಡಲಿನ ಮೇಲೆ ದೂರದೂರ ಸಾಗುತ್ತವೆ. ನೀರಿನಲ್ಲಿ ಸತ್ತವರಿಗೆ ದಾರಿ ತೋರಿಸಿ ಊಟಕ್ಕೆ ಕರೆಯುವ ದೀಪಗಳು ಅವು. ಯಾರ ದೀಪ ಎಲ್ಲರದಕ್ಕಿಂತ ದೂರ ತೇಲುತ್ತದೆಯೋ ಅವರಿಗೆ ಆ ವರ್ಷ ಶುಭ. ಪೈಪೋಟಿ ಅಲ್ಲಿಯೂ ಪೂರ್ತಿಯಾಗಿ ಹೋಗಿಲ್ಲ ಎನ್ನಿ.

ಹಾಂಗ್‌ಕಾಂಗಿನಲ್ಲಿ ಈ ತಿಂಗಳು ಬಡವರಿಗೆ ಅಕ್ಕಿ ಹಂಚುವ ಪದ್ಧತಿಯುಂಟು. ಅಲ್ಲಿಯ ಚೌಜೋ ಜನರ ಉತ್ಸವವನ್ನು 2011ರಲ್ಲಿ ಚೀನ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಗದ ಮತ್ತು ಬಿದಿರಿನಿಂದ ಮಾಡಿದ ಪ್ರೇತರಾಜನ ಬೃಹತ್ ಮೂರ್ತಿ ಚಪ್ಪರದಲ್ಲಿ ಕುಳಿತು, ಬಂದ ಆತ್ಮಗಳು ನೂಕುನುಗ್ಗಲು ಮಾಡದಂತೆ ನೋಡಿಕೊಳ್ಳುತ್ತದೆ. ಕರುಣಾಮೂರ್ತಿಯಾದ ಗ್ವಾನ್‌ಯಿನ್ ದೇವಿಯೇ ಈ ಭೀಕರ ರೂಪವನ್ನು ತಾಳಿದ್ದಾಳೆಂದು ಹೇಳುತ್ತಾರೆ. ಕೊನೆಯ ದಿನ ಆ ಮೂರ್ತಿಯನ್ನೂ ಸುಡುತ್ತಾರೆ. ಸುಡುವ ವಸ್ತುಗಳಲ್ಲಿ ಕಾಲದ ಗುರುತು ಬೀಳದೆ ಇಲ್ಲ. ಹಿಂದೆ ಕಾಗದದ ಹಣ, ಕಾಗದದ ಮನೆ, ಕಾಗದದ ಆಳುಗಳು. ಈಗ ಕಾಗದದ ಮೋಟಾರುಕಾರು, ಕಾಗದದ ಮೊಬೈಲು. ಪರಲೋಕದಲ್ಲಿ ಮಾತನಾಡಲು ಯಾರ ಸಂಖ್ಯೆ ಬೇಕೋ ತಿಳಿಯದು. ಹೊಗೆಯ ಉಪದ್ರವವೂ ಸಣ್ಣದಲ್ಲ. ಸುಡುವುದನ್ನು ಬಿಟ್ಟು ಹೂವಿಡಿರೆಂದು ಚೀನದ ಅನೇಕ ನಗರಗಳು ಜನರನ್ನು ಕೇಳಿಕೊಳ್ಳುತ್ತಿವೆ. ಇದು ನ್ಯಾಯವಾದ ಕೋರಿಕೆಯೇ.

ಆದರೆ ಕೋರಿಕೆ ಬೇರೆ, ದಬ್ಬಾಳಿಕೆ ಬೇರೆ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳೆಯದೆಲ್ಲ ಅಳಿಯಬೇಕೆಂದು ಪಿತೃಫಲಕಗಳನ್ನೂ ವಂಶಾವಳಿಯ ಗ್ರಂಥಗಳನ್ನೂ ಬೆಂಕಿಗೆ ಹಾಕಿದರು. ಎಷ್ಟೋ ಮನೆಗಳ ಒಳಗಿನವರು ಒಂದೇ ದಿನದಲ್ಲಿ ಹೊರಗಿನವರಾದರು. ಹತ್ತು ವರ್ಷಗಳ ಆ ಬಿರುಗಾಳಿ ಅಡಗಿದ ಮೇಲೆ ಜನ ಮತ್ತೆ ಗೋರಿಗಳ ಕಳೆ ಕಿತ್ತರು. 2008ರಿಂದ ಛಿಂಗ್‌ಮಿಂಗ್ ಅಲ್ಲಿ ಸಾರ್ವಜನಿಕ ರಜೆಯ ದಿನ.

ನಮ್ಮ ದೇಶದಲ್ಲಿಯೂ ಚೀನೀಯರ ಗೋರಿಗಳಿವೆ. ಕೋಲ್ಕತ್ತದ ದಕ್ಷಿಣಕ್ಕೆ, ಹೂಗ್ಲಿಯ ದಡದಲ್ಲಿ, ಅಚಿಪುರವೆಂಬ ಹಳ್ಳಿಯುಂಟು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಬಂದು ಸಕ್ಕರೆಯ ಕಾರ್ಖಾನೆ ಹೂಡಿದ ಅಛೂ ಎಂಬಾತನಿಂದಲೇ ಆ ಹಳ್ಳಿಗೆ ಆ ಹೆಸರು ಬಂದಿತು. ಕುದುರೆಲಾಳದ ಆಕಾರದ ಅವನ ಕೆಂಪು ಗೋರಿಗೆ ಕೋಲ್ಕತ್ತದ ಚೀನೀಯರು ತಮ್ಮ ಹೊಸವರ್ಷದ ಸಮಯದಲ್ಲಿ ಇಂದಿಗೂ ಹೋಗಿಬರುತ್ತಾರೆ. ಅವನ ಸ್ವಂತ ವಂಶದವರಲ್ಲ ಅವರು; ಆದರೂ ಮೊದಲು ಬಂದವನೆಂಬ ಕಾರಣಕ್ಕೆ ಎಲ್ಲರಿಗೂ ಅವನು ಹಿರಿಯ. ಹೋಗುವವರ ಸಂಖ್ಯೆ ಮಾತ್ರ ಕುಗ್ಗಿದೆ. 1962ರ ಯುದ್ಧದ ಸಮಯದಲ್ಲಿ ಭಾರತದ ಚೀನೀ ಮೂಲದವರಲ್ಲಿ ಸುಮಾರು 3000 ಮಂದಿಯನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಇರಿಸಲಾಯಿತು. ಆಮೇಲೆ ಬಹಳ ಕುಟುಂಬಗಳು ಕೆನಡ ಮೊದಲಾದ ದೇಶಗಳಿಗೆ ಹೊರಟುಹೋದುವು. ಗೋರಿಗಳು ಇಲ್ಲಿಯೇ ಉಳಿದುವು.

ಪರದೇಶದಲ್ಲಿ ಸಾಯುವ ಭಯ ದುಡಿಯಲು ಹೋದ ಚೀನೀಯರನ್ನು ಎಷ್ಟು ಕಾಡುತ್ತಿತ್ತೆಂಬುದಕ್ಕೆ 'ವೆಂಟ್ನರ್' ಹಡಗಿನ ವೃತ್ತಾಂತವೇ ಸಾಕ್ಷಿ. ನ್ಯೂಜಿಲೆಂಡಿನ ಚಿನ್ನದ ಗಣಿಗಳಿಗೆ ಗ್ವಾಂಗ್‌ದೊಂಗ್ ಪ್ರಾಂತದಿಂದ ಸಾವಿರಾರು ಜನ ಹೋಗಿದ್ದರು. ಅಲ್ಲಿ ಸತ್ತವರ ಎಲುಬುಗಳನ್ನು ಅಗೆದು ತೆಗೆದು ಹುಟ್ಟೂರಿಗೆ ಕಳುಹಿಸಲೆಂದು ಅವರ ಸಂಘವೊಂದು ಚಂದಾ ಎತ್ತುತ್ತಿತ್ತು. ಊರಿಗೆ ಮರಳಿದರೆ ಛಿಂಗ್‌ಮಿಂಗ್ ದಿನ ಗೋರಿಯನ್ನು ಗುಡಿಸುವ ಕೈಗಳಿರುತ್ತವೆ. ಇಲ್ಲವಾದರೆ ಎಂದೆಂದಿಗೂ ಅಲೆದಾಟ. ಈ ಕಾರ್ಯದ ಮುಂದಾಳಾಗಿದ್ದ ಚೋಯ್ ಸ್ಯೂ ಹೋಯ್ ಎಂಬ ವರ್ತಕ 1901ರಲ್ಲಿ ತಾನೇ ತೀರಿಕೊಂಡ. 1902ರ ಅಕ್ಟೋಬರ್ 26ರಂದು ವೆಲಿಂಗ್ಟನ್ ಬಂದರಿನಿಂದ ಹಾಂಗ್‌ಕಾಂಗಿನ ಕಡೆಗೆ ಹೊರಟ ವೆಂಟ್ನರ್ ಹಡಗಿನಲ್ಲಿ 499 ಮಂದಿಯ ಅವಶೇಷಗಳಿದ್ದುವು. ಅವನ ಪೆಟ್ಟಿಗೆಯೂ ಅವುಗಳಲ್ಲೊಂದು. ದಾರಿಯಲ್ಲಿ ಹಡಗು ಬಂಡೆಗೆ ಬಡಿಯಿತು. ಎರಡು ದಿನಗಳಲ್ಲಿ ಹೊಕಿಯಾಂಗ ಎಂಬ ಕೊಲ್ಲಿಯ ಹೊರಗೆ ಮುಳುಗಿತು. ಹದಿಮೂರು ಮಂದಿ ನೀರುಪಾಲಾದರು.

ಮುಂದೆ ಅಲೆಗಳು ಕೆಲವು ಪೆಟ್ಟಿಗೆಗಳನ್ನೂ ಎಲುಬುಗಳನ್ನೂ ದಡಕ್ಕೆ ತಂದು ಹಾಕಿದುವು. ಆ ತೀರದಲ್ಲಿದ್ದವರು ತೆ ರೊರೊವಾ, ತೆ ರಾರವಾ ಎಂಬ ಮಾವೊರಿ ಬುಡಕಟ್ಟುಗಳ ಜನ. ಸತ್ತವರ ಭಾಷೆ ಅವರಿಗೆ ತಿಳಿಯದು, ಊರು ತಿಳಿಯದು, ಹೆಸರು ತಿಳಿಯದು. ಅವರು ಆ ಎಲುಬುಗಳನ್ನು ಆಯ್ದು ತಮ್ಮ ನೆಲದಲ್ಲಿ, ತಮ್ಮ ಹಿರಿಯರು ಮಲಗಿದ್ದ ಎಡೆಗಳ ಬಳಿಯಲ್ಲಿ, ಮಣ್ಣುಮಾಡಿದರು. ಇಲ್ಲಿ ದೂರದಿಂದ ಬಂದವರು ಮಲಗಿದ್ದಾರೆ ಎಂಬ ಮಾತನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದರು. ನ್ಯೂಜಿಲೆಂಡಿನಲ್ಲಿಯೇ ಇದ್ದ ಚೀನೀ ಕುಟುಂಬಗಳಿಗೆ ಇದು ಗೊತ್ತಾದದ್ದು ನೂರು ವರ್ಷ ಕಳೆದ ಮೇಲೆ. 2013ರ ಏಪ್ರಿಲಿನಲ್ಲಿ, ಛಿಂಗ್‌ಮಿಂಗ್ ಸಮಯಕ್ಕೆ, ಗಣಿಗಾರರ ವಂಶಸ್ಥರು ಆ ತೀರಕ್ಕೆ ಬಂದು ತಮ್ಮ ಪದ್ಧತಿಯಂತೆ ಹಿರಿಯರಿಗೆ ಗೌರವ ಸಲ್ಲಿಸಿದರು. ಎಲುಬುಗಳನ್ನು ಕಾಯ್ದುಕೊಂಡವರ ಮೊಮ್ಮಕ್ಕಳಿಗೂ ಮರಿಮಕ್ಕಳಿಗೂ ಕೃತಜ್ಞತೆ ಹೇಳಿದರು. ಮರುವರ್ಷ ಮುಳುಗುಗಾರರು ಹಡಗು ಬಿದ್ದ ಸ್ಥಳವನ್ನು ಗುರುತಿಸಿದರು. ದಡ ಸೇರದೆ ಹೋದವರು ಅಲ್ಲಿ, ಸುಮಾರು ನೂರೈವತ್ತು ಮೀಟರ್ ಆಳದಲ್ಲಿ, ಇನ್ನೂ ಇದ್ದಾರೆ.